ವಲ್ಲಿಯ ಕೆಳಗಿನ ರೇಟು

ನಮ್ಮ ಯಜಮಾನರು ಬಾಪುಸಾಹೇಬರು ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡಿ ಮುದುಕರಾದವರು. ಅವರ ಬಾಯಿಂದ ಒಂದು ಮಾಲಿನ ದರ ಹೊರಗೆ ಬಿದ್ದದ್ದನ್ನು ಯಾರೂ ಕೇಳಿಲ್ಲ. ಅವರ ಪೇಟೆಯಲ್ಲಿ ದರ ಹೇಳುವುದು ಬೆರಳಿನ ಕೆಲಸ. ಕೊಳ್ಳುವವನೂ ಮಾರುವವನೂ ಎದುರುಬದುರು ಕೂತು ಕೈಗಳ ಮೇಲೆ ಒಂದು ವಲ್ಲಿ, ಅಂದರೆ ಹೆಗಲ ಮೇಲಿನ ವಸ್ತ್ರ, ಹಾಸಿಕೊಳ್ಳುತ್ತಾರೆ. ಅದರ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಬಿಟ್ಟು, ಮತ್ತೆ ಹಿಡಿದು ವ್ಯಾಪಾರ ಮುಗಿಸುತ್ತಾರೆ. ಆ ಹೊತ್ತಿಗೆ ಬಾಯಿ ಖಾಲಿ ಇರುತ್ತದಲ್ಲ, ಅದು ಸುಳ್ಳು ಹೇಳುತ್ತ ಕೂರುತ್ತದೆ.

"ಇದೇನು ತಂಬಾಕೋ, ಜ್ವಾಳದ ಕಣಿಕಿಯೋ? ನಮ್ಮ ಎಮ್ಮಿ ಸೈತ ಮೂಸೂದಿಲ್ಲ" ಎಂದು ಕೊಳ್ಳುವವನು ಬೈಯುತ್ತಾನೆ.

"ಹೆಣದ ಮೂಗಿಗೆ ಹಿಡದ್ರ ಹೆಣಾನೂ ಎದ್ದ ಕುಂತ ಸೀನತೈತ್ರಿ" ಎಂದು ಮಾರುವವನು ಹೊಗಳುತ್ತಾನೆ.

ಬೈಯುವವನಿಗೆ ಮಾಲು ಬೇಕಾಗಿದೆ, ಹೊಗಳುವವನಿಗೆ ಮಾಲು ಸಾಗಹಾಕಬೇಕಾಗಿದೆ. ಜೋರಾಗಿ ಬೈದಷ್ಟೂ ಆಸೆ ದೊಡ್ಡದು. ನಲವತ್ತು ವರ್ಷ ಈ ಶಾಲೆಯಲ್ಲಿ ಕಲಿತ ಮನುಷ್ಯನಿಗೆ, ಬಾಯಿಂದ ಬಂದ ಮಾತನ್ನು ತಿರುವಿ ಹಾಕಿ ನೋಡುವುದು ಉಸಿರಾಟದ ಹಾಗೆ ಆಗಿಬಿಟ್ಟಿತ್ತು. ಜಿನಮಂದಿರದಲ್ಲಿ ಯಾರಾದರೂ "ಆರಾಮಾ?" ಎಂದರೆ ಮನೆಗೆ ಬಂದು, "ಅಂವಗ ಏನೋ ಜಡ್ಡಾಗೇತಿ" ಎನ್ನುತ್ತಿದ್ದರು.

ತೊಂಬತ್ತೊಂಬತ್ತನೇ ಇಸವಿಯ ಹೊತ್ತಿಗೆ ವ್ಯಾಪಾರ ಬಡವಾಗಿ, ಮನೆಯ ಹಿಂದಿನ ತಂಬಾಕಿನ ವಖಾರಿ ಬರಿದಾಗಿತ್ತು. ಉದ್ದನೆಯ ಕಟ್ಟಡ, ದಪ್ಪ ಗೋಡೆ, ಹಂಚಿನ ಮಾಡು. ಅದು ನನ್ನ ಹೆಸರಿನಲ್ಲಿತ್ತು. ಇನ್‌ಕಮ್ ಟ್ಯಾಕ್ಸಿನವರ ಸಲುವಾಗಿ ನನ್ನ ಹೆಸರಿನಲ್ಲಿತ್ತೇ ಹೊರತು ನನ್ನ ಸಲುವಾಗಿ ಅಲ್ಲ.

ಆ ವಖಾರಿಯ ಮೇಲೆ ನಮ್ಮ ನಾದಿನಿ ಸುಗಂಧಾಳ ಕಣ್ಣಿತ್ತು. ಗಂಡ ಸತ್ತ ಮೇಲೆ ಅಣ್ಣನ ಮನೆಗೆ ಬಂದವಳು ಆಕೆ. ಉಣ್ಣಲು ಉಡಲು ನಮ್ಮಲ್ಲಿ ಕಡಿಮೆ ಇರಲಿಲ್ಲ. ಆದರೆ ತಲೆಗೆ ಒಂದು ಕ್ಲಿಪ್ಪು ಬೇಕೆಂದರೂ ಆಕೆ ಪಡಸಾಲೆಯ ಬಾಗಿಲಲ್ಲಿ ನಿಂತು, ಅಲ್ಲಿ ಕೂತ ದಲಾಲರ ಎದುರಿಗೇ ಅಣ್ಣನನ್ನು ಕೇಳಬೇಕು. ಅಣ್ಣ, "ಹೋದ ತಿಂಗಳ ತಂದ ಕ್ಲಿಪ್ ಏನಾತು?" ಎಂದು ಕೇಳಬೇಕು. ದಲಾಲರು ಉತ್ತರಕ್ಕೆ ಕಾಯಬೇಕು. ಇದು ಸಾಕಾಗಿ ಆಕೆ ಶ್ಯಾವಿಗೆ ಯಂತ್ರದ ವಿಚಾರ ಹಿಡಿದಿದ್ದಳು. ಇಚಲಕರಂಜಿಯಲ್ಲಿ ಒಂದು ಹಳೆ ಯಂತ್ರ ಮಾರಾಟಕ್ಕಿತ್ತು. ಅದಕ್ಕೆ ಬೇಕಾದದ್ದನ್ನು ಕೈಬಳೆ ಒತ್ತೆ ಇಟ್ಟು ಹೊಂದಿಸಬಲ್ಲಳು. ಜಾಗ ಮಾತ್ರ ಬೇಕು.

"ವಖಾರಿ ಕೊಟ್ರ ನಾ ಯಾರಿಗೂ ಭಾರ ಆಗೂದಿಲ್ಲ, ವೈನಿ" ಎಂದು ನನಗೆ ಹೇಳಿದಳು. ನಾನು ಯಜಮಾನರಿಗೆ ಹೇಳಿದೆ. ಅವರು, "ಆಗಲಿ, ನೋಡೂಣು" ಎಂದರು. ಅವರ ಬಾಯಿಯ ಮಾತು ನೆಚ್ಚುವಂಥದ್ದಲ್ಲ ಎಂದು ತಿಳಿದಿದ್ದರೂ, ಇಲ್ಲ ಎನ್ನಲಿಲ್ಲವಲ್ಲ ಎಂದು ಇಬ್ಬರೂ ಸಂತೋಷಪಟ್ಟೆವು.

ಅದೇ ಬೇಸಿಗೆಯಲ್ಲಿ ಅವರ ಅಣ್ಣನ ಮಗ ಪಾರಿಸ ಎಸ್ಟಿ ಬಸ್ ಸ್ಟ್ಯಾಂಡಿನ ಹತ್ತಿರ, ಮಾಳಿಗೆಯ ಮೇಲೆ ಶೇರಿನ ಅಂಗಡಿ ತೆಗೆದ. ಒಂದು ಕಂಪ್ಯೂಟರ್, ಅದರಲ್ಲಿ ಹಸಿರು ಕೆಂಪು ಅಂಕಿಗಳು, ಒಂದು ಫ್ಯಾಕ್ಸ್, ಎರಡು ದೊಡ್ಡ ಫ್ಯಾನು. ತಂಬಾಕಿನ ಪೇಟೆ ಮಲಗಿದ ಮಧ್ಯಾಹ್ನಗಳಲ್ಲಿ ವ್ಯಾಪಾರಸ್ಥರೆಲ್ಲ ಅಲ್ಲಿ ಹೋಗಿ ಕೂರತೊಡಗಿದರು. ಊಟದ ಡಬ್ಬಿ ಕೊಡುವ ನೆಪದಲ್ಲಿ ನಾನೂ ಹೋಗುತ್ತಿದ್ದೆ. ಫ್ಯಾನಿನ ಕೆಳಗೆ ಕೂತವರನ್ನು ಎಬ್ಬಿಸುವುದು ಹೇಗೆಂದು ನನಗೂ ಗೊತ್ತಾಗುತ್ತಿರಲಿಲ್ಲ, ಹಾಗಾಗಿ ನಾನೂ ಕೂರುತ್ತಿದ್ದೆ.

ಅಲ್ಲಿ ಮುಂಬಯಿಯಿಂದ ರಿಪೋರ್ಟುಗಳು ಬರುತ್ತಿದ್ದವು. ದೊಡ್ಡ ಬ್ರೋಕರ್ ಕಂಪನಿಯಲ್ಲಿ ಅನಲಿಸ್ಟ್ ಎಂಬ ಜಾತಿಯ ಹುಡುಗರಿರುತ್ತಾರಂತೆ. ಅವರು ಒಂದೊಂದು ಕಂಪನಿಯನ್ನು ಅಳೆದು ತೂಗಿ ಬೈ, ಹೋಲ್ಡ್, ಸೆಲ್, ಅಂದರೆ ಇದನ್ನು ಕೊಳ್ಳಿ, ಇದನ್ನು ಹಿಡಿದುಕೊಂಡಿರಿ, ಇದನ್ನು ಮಾರಿ ಎಂದು ಬರೆಯುತ್ತಾರೆ. ಎಲ್ಲ ಇಂಗ್ಲಿಷು. ರಾತ್ರಿ ಶಾಲೆಯಲ್ಲಿ ನಾನು ಕಲಿತ ಅಕ್ಷರ ಅಲ್ಲಿಯತನಕ ಮುಟ್ಟುತ್ತಿರಲಿಲ್ಲ. ಚಿತ್ರ ಮಾತ್ರ ನೋಡುತ್ತಿದ್ದೆ: ಒಂದು ಗೆರೆ, ಘಾಟು ಹತ್ತುವ ಬಸ್ಸಿನ ಹಾಗೆ ಮೇಲೆ ಮೇಲೆ. ಮಿಕ್ಕದ್ದನ್ನು ಪಾರಿಸ ಓದಿ ಹೇಳುತ್ತಿದ್ದ.

ಆಗ ಎಲ್ಲರ ಬಾಯಲ್ಲೂ ಝಂಕಾರ ಸಾಫ್ಟ್‌ನೆಟ್ ಎಂಬ ಕಂಪನಿಯ ಹೆಸರು.

"ಕಾಕಾ, ಕಂಪ್ಯೂಟರ್‌ನ್ಯಾಗ ಇಸವಿ ಬರ್ಯಾಕ ಎರಡ ಅಂಕಿಗೆ ಅಷ್ಟ ಜಾಗಾ ಇಟ್ಟಾರ" ಎಂದು ಪಾರಿಸ ತಿಳಿಸಿ ಹೇಳಿದ. "ತೊಂಬತ್ತೊಂಬತ್ತ ಮುಗದಿಂದ ಸೊನ್ನಿ ಸೊನ್ನಿ ಬರತಾವ. ಕಂಪ್ಯೂಟರಿಗೆ ಹತ್ತೊಂಬತ್ತನೂರನೇ ಇಸವಿ ಬಂತು ಅನಸ್ತೈತಿ."

"ಅನಸಲಿ. ಆಗ ನಮ್ಮ ಮುತ್ಯಾ ಇದ್ದ, ತಂಬಾಕಿಗೆ ಛಲೋ ರೇಟೂ ಇತ್ತು."

"ಹಂಗಲ್ಲ ಕಾಕಾ. ಬ್ಯಾಂಕು, ವಿಮಾನ, ಎಲ್ಲಾ ಬಂದ್ ಬೀಳ್ತಾವಂತ. ಅದನ್ನ ರಿಪೇರಿ ಮಾಡೂ ಕಂಪನಿ ಇದು. ಅಮೇರಿಕಾದವ್ರು ಪಾಳಿ ಹಚ್ಯಾರ. ರಿಪೋರ್ಟ್ ಏನ್ ಹೇಳತೈತಿ ನೋಡ್ರಿ. ಬೈ. ಬರೇ ಬೈ ಅಲ್ಲ, ಸ್ಟ್ರಾಂಗ್ ಬೈ."

"ಬರದಾಂವಗ ಪಗಾರ ಯಾರ ಕೊಡ್ತಾರ?"

"ಬ್ರೋಕರ್ ಕಂಪನಿ."

"ಆ ಕಂಪನಿಗೆ ರೊಕ್ಕಾ ಎಲ್ಲಿಂದ?"

"ನಾವ ತಗೊಂಡಾಗ, ಮಾರಿದಾಗ ದಲಾಲಿ ಹೋಗತೈತಲ್ರಿ."

"ಮತ್ತ ನನಗ ಈ ಕಾಗದಾ ಪುಕ್ಕಟೆ ಯಾಕ ಕಳಿಸ್ಯಾನ? ತನ್ನ ಫೋನಿನ ಖರ್ಚಿನ್ಯಾಗ ಶ್ಯಾಣ್ಯಾತನ ಹಂಚಾವ ಎಲ್ಲ್ಯರೆ ಅದಾನೇನು? ಹೊಗಳಾಕತ್ತಾನಂದ್ರ ಮಾಲು ಅವನ ಕಡೆ ಐತಿ. ಖಾಲಿ ಮಾಡೂದೈತಿ."

ಅಂಗಡಿಯಲ್ಲಿದ್ದವರು ನಕ್ಕರು. ನಗುತ್ತಲೇ ಝಂಕಾರ ಕೊಂಡರು. ಝಂಕಾರ ಏರಿತು. ಅಥಣಿಯ ಧನಪಾಲ ಎಂಬವನು ಅದರಲ್ಲೇ ಹೊಸ ಜೀಪು ತೆಗೆದುಕೊಂಡು, ನಮ್ಮ ಮನೆಯ ಮುಂದೆ ಬೇಕೆಂತಲೇ ಹಾರ್ನು ಬಾರಿಸಿಕೊಂಡು ಹೋದ. ಪ್ರತಿ ತಿಂಗಳೂ ರಿಪೋರ್ಟು ಬಂತು, ಪ್ರತಿ ತಿಂಗಳೂ ಸ್ಟ್ರಾಂಗ್ ಬೈ. ನಮ್ಮವರು ಪ್ರತಿ ತಿಂಗಳೂ ತಲೆ ಅಲ್ಲಾಡಿಸಿದರು.

"ಬಾಪುಸಾಹೇಬ್ರು ಇಲ್ಲಿ ಫ್ಯಾನಿನ ಗಾಳಿ ಅಷ್ಟ ಖರೀದಿ ಮಾಡ್ತಾರ" ಎಂದು ಒಬ್ಬ ಅಂದ.

"ಅದರ ಮ್ಯಾಲೂ ರಿಪೋರ್ಟ್ ಬಂದಿಲ್ಲ, ಅದಕ್ಕ ನಂಬಿಕಿ ಐತಿ" ಎಂದರು ಇವರು.

ನಾನು ಒಳಗೊಳಗೇ ಹಿಗ್ಗಿದೆ. ಗಂಡ ಶ್ಯಾಣ್ಯಾ ಎಂದಲ್ಲ. ಶೇರಿನ ಹುಚ್ಚು ಹಿಡಿಯದಿದ್ದರೆ ವಖಾರಿ ಉಳಿಯುತ್ತದೆ, ಮಾರ್ನೆಮಿ ಮುಗಿದ ಮೇಲೆ ಸುಗಂಧಾಳ ಯಂತ್ರ ಬರುತ್ತದೆ ಎಂದು.

ಮಾರ್ನೆಮಿಗೆ ಬಂದ ರಿಪೋರ್ಟಿನಲ್ಲಿ ಸ್ಟ್ರಾಂಗ್ ಇರಲಿಲ್ಲ, ಬೈ ಕೂಡ ಇರಲಿಲ್ಲ. ಹೋಲ್ಡ್ ಎಂದಿತ್ತು. ಅಂಗಡಿಯಲ್ಲಿ ನಗು ಕಡಿಮೆಯಾಯಿತು. ನಮ್ಮವರು ಮಾತ್ರ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತರು. "ಹೊಗಳೂದು ನಿಂತೈತಿ" ಎಂದು ಮೀಸೆಯೊಳಗೇ ಅಂದರು. ದೀಪಾವಳಿಗೆ ನಾಲ್ಕೈದು ದಿನ ಇರುವಾಗ ಮತ್ತೊಂದು ಬಂತು. ಅದರಲ್ಲಿದ್ದದ್ದು ಸೆಲ್.

ಪಾರಿಸನ ಮುಖ ಹಿಂಡಿದ ನಿಂಬೆಹಣ್ಣಿನಂತಾಗಿತ್ತು. ಓದಿ ಹೇಳಿದ: ಜನವರಿ ಒಂದಕ್ಕೆ ಈ ರಿಪೇರಿ ಕೆಲಸವೇ ಮುಗಿಯುತ್ತದೆ. ಕಂಪನಿಯ ಕೈಯಲ್ಲಿ ಬೇರೆ ಕೆಲಸ ಇಲ್ಲ. ಬಂದ ಹಣದಲ್ಲಿ ಮಾಲಕರು ಸಿನೆಮಾ ತೆಗೆಯಲು ಹೊರಟಿದ್ದಾರೆ. ಲೆಕ್ಕ ತೋರಿಸಿದ ರೀತಿಯೂ ಸರಿಯಿಲ್ಲ. ಇದ್ದವರು ಮಾರಿ ಹೊರಗೆ ಬನ್ನಿ.

ಯಜಮಾನರು ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಪಡಸಾಲೆಯಲ್ಲಿ ಅಡ್ಡಾಡಿದರು. ವರ ಗೊತ್ತಾದ ಕನ್ಯೆಯ ಮುಖದಲ್ಲಿ ಇರುವಂಥ ಕಳೆ.

"ಬೈಯಾಕ ಚಾಲೂ ಮಾಡಿದ್ರು, ಕಮಲಾ."

"ಯಾರ್ರಿ?"

"ಬಾಂಬೆದವ್ರು. ಎಮ್ಮಿ ಮೂಸೂದಿಲ್ಲ ಅನ್ನೂ ಲೆಕ್ಕಕ್ಕ ಬೈದಾರ. ಕಂಪನಿ ಕಳ್ಳಂತ, ಕೆಲಸಿಲ್ಲಂತ, ಸಿನೆಮಾ ತಗೀತಾರಂತ. ಇಷ್ಟ ಬೈದಾರಂದ್ರ ಅವರಿಗೆ ಆ ಮಾಲು ಎಷ್ಟ ಬೇಕಾಗಿರಬೇಕು, ನೀನ ವಿಚಾರ ಮಾಡು. ಮಂದಿನ್ನ ಹೆದರಿಸಿ, ಮಣ್ಣಿನ ರೇಟಿಗೆ ತಾವ ಎಲ್ಲಾ ಎತ್ಕೋತಾರ. ಅವರಿಗಿಂತ ಮೊದಲ ನಾ ಎತ್ತತೇನಿ."

"ಕಾರಣಾ ಕೊಟ್ಟಾರಲ್ರಿ. ಕೆಲಸ ಮುಗೀತೈತಿ ಅಂತ ಪಾರಿಸ ಅಂದ."

"ಕಾರಣಾ ವಲ್ಲಿ ಮ್ಯಾಲಿನ ಮಾತು."

"ಎದರಾಗ ಎತ್ತತೀರಿ? ರೊಕ್ಕಾ?"

ಅವರು ಹಿತ್ತಲ ಕಡೆ ನೋಡಿದರು. ಅಲ್ಲಿ ಸುಗಂಧಾ ವಖಾರಿಯ ಬಾಗಿಲು ತೆರೆದು, ಯಂತ್ರ ಎಲ್ಲಿ ಕೂತರೆ ಬೆಳಕು ಬೀಳುತ್ತದೆ ಎಂದು ಅಳೆಯುತ್ತಿದ್ದಳು. ಕೈಯಲ್ಲಿ ಕಸಬರಿಗೆ ಇತ್ತು, ಅದೇ ಅವಳ ಅಳತೆಗೋಲು.

ಮರುದಿನ ಪಾರಿಸನನ್ನು ಕರೆಸಿದೆ. ಅವನು ಕಾಕಾನ ಕಾಲು ಹಿಡಿಯುವುದೊಂದು ಬಾಕಿ. "ಕಾಕಾ, ನಾನ ಎಲ್ಲಾ ಮಾರಿ ಕುಂತೇನಿ. ಬ್ಯಾಡ್ರಿ" ಎಂದ. ಇವರು ಅವನ ಬೆನ್ನು ತಟ್ಟಿ ನಕ್ಕರು. "ನೀನು ದಲಾಲ. ನೀ ಹಂಗ ಅನಬೇಕು. ಧಂದೆ ಕಲ್ತಿ, ಶಾಬಾಸ್" ಎಂದರು. ಪಾರಿಸ ಚಹಾ ಅರ್ಧಕ್ಕೆ ಬಿಟ್ಟು ಹೋದ.

ಆಗ ಸುಗಂಧಾಗೆ ಒಂದು ಯುಕ್ತಿ ಹೊಳೆಯಿತು. ಒಳಗೆ ಹಿಟ್ಟು ನಾದುತ್ತ ಹೇಳಿದಳು.

"ವೈನಿ, ಅಣ್ಣಾ ಎಲ್ಲಾರದೂ ಉಲ್ಟಾ ತಿಳ್ಕೊಂತಾನ ಹೌದಿಲ್ಲೋ? ನಾವೂ ಆ ಶೇರಿನ್ನ ಹೊಗಳೂಣು. ಇವರಿಗೇನೋ ಫಾಯದೆ ಐತಿ ಅಂತ ಸಂಶಯ ಬಂದು ಬಿಟ್ಟ ಬಿಡ್ತಾನ."

ನನಗೂ ಅದು ಸರಿ ಕಂಡಿತು. ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಅವರು ಕೂತಾಗ ಇಬ್ಬರೂ ಚಾಲೂ ಮಾಡಿದೆವು. ಝಂಕಾರದಂಥ ಕಂಪನಿ ಇಲ್ಲ ಎಂದೆ. ಹೆಸರೇ ಎಷ್ಟು ಚೆಂದ ಎಂದಳು ಸುಗಂಧಾ. ವಖಾರಿ ಇಟ್ಟುಕೊಂಡು ಏನು ಮಾಡುವುದು, ಇಲಿ ಸಾಕುವುದೇ, ಮಾರಿಬಿಡಿ ಎಂದೆ. ಹೇಳುವಾಗ ನಾಲಿಗೆಗೆ ಬೇವು ಹಚ್ಚಿದ ಹಾಗಾಯಿತು. ಸುಗಂಧಾ ರೊಟ್ಟಿ ಬಡಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು.

ಅವರು ತುತ್ತು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು. ಕಣ್ಣು ಒದ್ದೆಯಾಗಿತ್ತು.

"ಈ ಮನಿ ಹೆಣ್ಮಕ್ಕಳಿಗೆ ವ್ಯವಹಾರ ತಡಾ ಮಾಡಿ ತಿಳೀತು. ಆದ್ರೂ ತಿಳೀತು" ಎಂದರು. ಎದ್ದು ಕೈ ತೊಳೆದು, ವಖಾರಿಗೆ ಗಿರಾಕಿ ಹಿಡಿಯಲು ಕಾಗವಾಡಕ್ಕೆ ಫೋನು ಮಾಡಿದರು.

ನಾವು ಲೆಕ್ಕ ತಪ್ಪಿದ್ದು ಅಲ್ಲಿ. ಉಲ್ಟಾ ತಿಳಿಯುವುದು ವಲ್ಲಿಯ ಆಚೆ ಕೂರುವವರ ಮಾತನ್ನು. ನಮ್ಮನ್ನು ಅವರು ಎಂದೂ ಅಲ್ಲಿ ಕೂರಿಸಿಕೊಂಡವರಲ್ಲ. ಹಾಗಾಗಿ ನಮ್ಮ ಮಾತು ಅವರಿಗೆ ಅಂಗಳದ ಕೋಳಿ ಕೂಗಿದ ಹಾಗೆ ಸೀದಾ ಕೇಳುತ್ತಿತ್ತು. ಸುಗಂಧಾ ಆ ರಾತ್ರಿ ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕಿದಳು. ಯುಕ್ತಿ ಅವಳದೇ ಆದ್ದರಿಂದ ಬೈಯಲಿಕ್ಕೂ ಅವಳಿಗೆ ಯಾರೂ ಸಿಗಲಿಲ್ಲ.

ಕಾಗವಾಡದಿಂದ ರಾವಸಾಹೇಬರು ಬಂದರು. ದ್ರಾಕ್ಷಿ ತೋಟದವರು, ಒಣದ್ರಾಕ್ಷಿ ತುಂಬಿಡಲು ಈ ಕಡೆ ಒಂದು ಜಾಗ ಹುಡುಕುತ್ತಿದ್ದವರು. ನನ್ನ ತವರೂ ಕಾಗವಾಡವೇ. ನಮ್ಮ ಓಣಿಯವರು, ಅಣ್ಣ ಎಂದು ಕರೆದು ಬೆಳೆದವಳು ನಾನು. ವಖಾರಿಯನ್ನು ಸುತ್ತಿ, ಗೋಡೆ ಬಡಿದು, ಮೇಲೆ ನೋಡಿ, ಪಡಸಾಲೆಗೆ ಬಂದು ಕೂತರು. ಯಜಮಾನರು ವಲ್ಲಿ ತೆಗೆದು ಕೊಡವಿದರು. ರಾವಸಾಹೇಬರು ಕೈ ಮುಂದೆ ಮಾಡಲಿಲ್ಲ.

"ಜಾಗಾ ಯಾರ ಹೆಸರಿಲೆ ಐತ್ರಿ?"

"ಇಕಿ ಹೆಸರಿಲೆ. ಆದ್ರ ವ್ಯವಹಾರ ನಂದ."

"ಬಾಪುಸಾಹೇಬ್ರ, ರಾಯಬಾಗದಾಗ ಒಬ್ಬನ ಕೈ ಹಿಡದು ಒಂದು ಮನಿ ವ್ಯಾಪಾರ ಮುಗಿಸಿದ್ದೆ. ರಜಿಸ್ಟ್ರಾರ್ ಆಫೀಸಿಗೆ ಹೋದ್ರ ಜಾಗಾ ಅವನ ಅವ್ವಂದು. ಆ ಮುದಿಕಿ ಅಲ್ಲೇ ಕಟ್ಟಿ ಮ್ಯಾಲ ಕುಂತು, ನನಗ ಯಾರ ಕೇಳ್ಯಾರ ಅಂದ್ಲು. ಊರ ಮಂದಿ ನಕ್ಕರು. ಅಂದಿನಿಂದ ಮಾಲಕರ ಕೈ ಇಲ್ಲದ ನಾ ವ್ಯಾಪಾರ ಮಾಡೂದಿಲ್ಲ."

"ಹೆಣ್ಮಗಳ ಕೈ ವಲ್ಲಿ ಕೆಳಗ?"

"ತವರಿನ ತಂಗಿ. ಸಣ್ಣಾಕಿ ಇದ್ದಾಗ ರಾಖಿ ಕಟ್ಟಿದ ಕೈ. ಯಾರ ಏನ ಅಂತಾರ?"

ಯಜಮಾನರು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ವಿದ್ಯೆ ಹೇಳಿಕೊಟ್ಟರು. ಒಂದು ಬೆರಳು ಹಿಡಿದರೆ ಒಂದು ಲಕ್ಷ, ಎರಡು ಹಿಡಿದರೆ ಎರಡು. ನಡುಗೆಣ್ಣು ಒತ್ತಿದರೆ ಅರ್ಧ. ನಲವತ್ತು ವರ್ಷದ ಗುಟ್ಟು, ಒಲೆಯ ಮುಂದೆ ಚಹಾ ಕುದಿಯುವುದರೊಳಗೆ ಮುಗಿಯಿತು. ಇಷ್ಟೇ ಏನು ಅನ್ನಿಸಿತು. "ಮೂರು ಹಿಡದ್ರ ಕೈ ಝಾಡಿಸು. ನಾಕು ಹಿಡದ್ರ ಸುಮ್ಮನ ಗಟ್ಟಿ ಹಿಡಕೋ, ವ್ಯಾಪಾರ ಆತು. ಬಾಯಿಲೆ ಮಾತ್ರ ಹೊಗಳಕೋಂತ ಇರು" ಎಂದರು.

ಪಡಸಾಲೆಗೆ ಬಂದು ಕೂತೆ. ಬಾಗಿಲ ಹತ್ತಿರ ಸುಗಂಧಾ ಅಕ್ಕಿ ಆರಿಸುತ್ತಿದ್ದಳು. ಹಿಂದಿನ ದಿನ ಆರಿಸಿದ ಅಕ್ಕಿಯೇ ಅದು. ಕಲ್ಲಿಲ್ಲದ ಮೊರದಲ್ಲಿ ಬೆರಳಾಡಿಸುತ್ತಿದ್ದಳು, ಕಣ್ಣು ಮಾತ್ರ ನನ್ನ ಮೊಣಕಾಲ ಮೇಲಿನ ವಲ್ಲಿಯ ಕಡೆ.

"ಗ್ವಾಡಿ ಎಲ್ಲಾ ಉದರ್ಯಾವ" ಎಂದು ರಾವಸಾಹೇಬರು ಪದ್ಧತಿಯಂತೆ ಬೈಯಲು ಶುರು ಮಾಡಿದರು. "ಹಂಚು ಒಡದಾವ. ಕತ್ತೆ ಕಟ್ಟೂ ಲಾಯಕ್ಕೂ ಇಲ್ಲ."

"ಹೊಸಾ ಮದಿಮಗನ್ನ ಇಳಿಸೂವಂಗ ಐತಿ, ಅಣ್ಣಾ."

ವಲ್ಲಿಯ ಕೆಳಗೆ ಅವರು ನನ್ನ ನಾಲ್ಕು ಬೆರಳು ಹಿಡಿದು, ಮೇಲೆ ಹೆಬ್ಬೆರಳಿನ ನಡುಗೆಣ್ಣು ಒತ್ತಿದರು. ನಾಲ್ಕೂವರೆ. ಯಜಮಾನರು ಹೇಳಿದ್ದಕ್ಕಿಂತ ಜಾಸ್ತಿ. ಮೊದಲನೆಯ ಹಿಡಿತಕ್ಕೇ ಯಾರೂ ಅಷ್ಟು ಕೊಡುವುದಿಲ್ಲ. ತವರಿನ ತಂಗಿ ಎಂದು ಕೊಟ್ಟಿದ್ದರು. ಅದರಿಂದ ನನ್ನ ಸಂಕಟ ಇನ್ನೂ ಹೆಚ್ಚಿತು. ಕೆಟ್ಟ ದರ ಇದ್ದಿದ್ದರೆ ಕೈ ಝಾಡಿಸಿ ಏಳಬಹುದಿತ್ತು. ಗಟ್ಟಿ ಹಿಡಿದರೆ ವಖಾರಿ ಹೋಯಿತು, ಹಣ ಝಂಕಾರಕ್ಕೆ ಹೋಯಿತು, ಸುಗಂಧಾ ಮತ್ತೆ ಪಡಸಾಲೆಯ ಬಾಗಿಲಿಗೆ.

ಮಾರುವುದಿಲ್ಲ ಎನ್ನುವುದಕ್ಕೆ ಯಾವ ಬೆರಳು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಪೇಟೆಗೆ ಬಂದು ಮಾರುವುದಿಲ್ಲ ಎನ್ನುವವರು ಯಾರಿರುತ್ತಾರೆ? ನಾನು ಅವರ ಕಿರುಬೆರಳನ್ನು ಮಡಚಿದೆ. ಉಂಗುರದ ಬೆರಳು ಮಡಚಿದೆ. ಹೀಗೆ ಒಂದೊಂದಾಗಿ ಐದನ್ನೂ ಮಡಚಿ, ಮುಷ್ಟಿ ಮಾಡಿ, ಅದರ ಮೇಲೆ ನನ್ನ ಕೈ ಇಟ್ಟೆ. ಅವರು ಇದೇನು ಲೆಕ್ಕ ಎಂಬಂತೆ ಮತ್ತೆ ಬಿಚ್ಚಿದರು. ನಾನು ಮತ್ತೆ ಮಡಚಿದೆ.

"ನೆಲಾ ಥಂಡಿ ಹಿಡದೈತಿ" ಎಂದು ಬಾಯಲ್ಲಿ ಅನ್ನುತ್ತ ಅವರು ನನ್ನ ಮುಖ ನೋಡಿದರು. ನಾನು ಹೊಗಳುವುದನ್ನು ಮರೆತು ಕೂತಿದ್ದೆ. ಆಮೇಲೆ ಅವರು ಬಾಗಿಲ ಕಡೆ ನೋಡಿದರು. ಅಲ್ಲಿ ಬೆರಳು ನಿಂತು, ಮೊರ ವಾರೆಯಾಗಿ, ಅಕ್ಕಿ ನೆಲಕ್ಕೆ ಸುರಿಯುತ್ತಿತ್ತು. ಸುರಿಸುತ್ತಿದ್ದವಳಿಗೆ ಅದರ ಖಬರಿರಲಿಲ್ಲ.

ರಾವಸಾಹೇಬರು ನನ್ನ ಕೈಯನ್ನು ಒಮ್ಮೆ ಒತ್ತಿ ಬಿಟ್ಟರು. ವಲ್ಲಿ ಮಡಚಿ ಯಜಮಾನರಿಗೆ ಕೊಟ್ಟರು.

"ನಮಗ ನೀಗೂದಿಲ್ಲ ಬಿಡ್ರಿ. ನಿಮ್ಮ ಮನಿಯವ್ರ ರೇಟಿಗೆ ನಾ ಮುಟ್ಟೂದಿಲ್ಲ."

ಚಹಾ ಕುಡಿದು, ಒಣದ್ರಾಕ್ಷಿಯ ಪುಡಿಕೆ ನನ್ನ ಕೈಗೆ ಕೊಟ್ಟು ಹೋದರು.

ವಲ್ಲಿಯ ಕೆಳಗೆ ಆದದ್ದನ್ನು ಯಾರೂ ಕೇಳಬಾರದು, ಯಾರೂ ಹೇಳಬಾರದು. ಅದು ಪೇಟೆಯ ಕಟ್ಟಳೆ. ಯಜಮಾನರು ಅದನ್ನು ಮುರಿದವರಲ್ಲ. ಅಂಗಳಕ್ಕೆ ಹೋದರು, ಬಂದರು. ಕೊಡದಲ್ಲಿ ನೀರಿದೆಯೇ ಎಂದು ಇಣುಕಿದರು. ನನ್ನ ಎದುರಿಗೆ ಬಂದು ನಿಂತರು.

"ಐದ ಕೇಳಿದೇನು?"

"ಕೇಳಬಾರದಂತಲ್ರಿ."

"ಆರರ ಮ್ಯಾಲ ಹೋದಿ ಅನಸ್ತೈತಿ."

"ಊಟಾ ಮಾಡ್ರಿ, ಹೊತ್ತ ಮುಣಗತೈತಿ."

ಉಣ್ಣುತ್ತ ಉಣ್ಣುತ್ತ ಅವರ ಮುಖ ಬದಲಾಯಿತು. ರೇಟು ಸಿಕ್ಕದ ಸಿಟ್ಟು ಕರಗಿ, ಅಲ್ಲಿ ಬೇರೆ ಲೆಕ್ಕ ಓಡತೊಡಗಿತು. ದ್ರಾಕ್ಷಿಯನ್ನು ಒಂದೊಂದೇ ಎಣಿಸಿ ಮಾರುವ ರಾವಸಾಹೇಬ ಅಷ್ಟು ಹೊತ್ತು ಕೂತ. ಗೋಡೆ, ಹಂಚು, ನೆಲ ಯಾವುದನ್ನೂ ಬಿಡದೆ ಬೈದ. ಚಹಾ ಪೂರ್ತಿ ಕುಡಿದ. ಅಂದರೆ ಅವನಿಗೆ ಜಾಗ ಬೇಕೇ ಬೇಕು, ಹಣ ಹೊಂದುತ್ತಿಲ್ಲ.

"ನಿಪ್ಪಾಣ್ಯಾಗ ಜಾಗದ ರೇಟ್ ಏರಾಕತ್ತೈತಿ" ಎಂದರು. "ಹೈವೇ ಅಗಲ ಮಾಡ್ತಾರ ಅಂತ ಸುದ್ದಿ ಇರಬೇಕು ಅಂವಗ. ಈಗ ಮಾರಾವ ಹುಚ್ಚ."

"ಮತ್ತ ಝಂಕಾರ?"

"ತಡಿ ಅದು. ಮತ್ತ ವಖಾರಿ ಹಿಂಗ ಖಾಲಿ ಬಿಡಬಾರದು. ಖಾಲಿ ಇದ್ರ ಮಾರಾಕ ಕುಂತಾರ ಅಂತ ಮಂದಿ ರೇಟ್ ಮುರೀತಾರ. ಒಳಗ ಏನರೆ ಗಡಗಡ ಸಪ್ಪಳಾ ಇರಬೇಕು. ಸುಗಂಧಾ, ನಿಂದು ಅದೇನೋ ಮಿಶಿನ್ ಅಂತಿದ್ದೆಲ್ಲ, ಸಪ್ಪಳಾ ಮಾಡತೈತೇನು ಅದು?"

"ಭಾಳ ಮಾಡತೈತಿ, ಅಣ್ಣಾ" ಎಂದಳು ಸುಗಂಧಾ.

"ಹಂಗಾರ ತರಸು."

ಇಸವಿ ಬದಲಾಗುವ ಮೊದಲೇ ಝಂಕಾರದ ಕಥೆ ಮುಗಿಯಿತು. ಒಂದು ದಿನ ಕೊಳ್ಳುವವರೇ ಇಲ್ಲದೆ ಅದರ ಅಂಕಿ ಕಂಪ್ಯೂಟರಿನಲ್ಲಿ ಅಲ್ಲಾಡದೆ ನಿಂತುಬಿಟ್ಟಿತು. ಧನಪಾಲನ ಜೀಪು ಬೇರೆ ಯಾರದೋ ಆಯಿತು. ನಮ್ಮವರು ಅಂಗಡಿಗೆ ಹೋಗಿ ಫ್ಯಾನಿನ ಕೆಳಗೆ ಕಾಲು ಚಾಚಿ ಕೂತು, ತಾವು ಮೊದಲಿನಿಂದಲೂ ಅದನ್ನು ಮುಟ್ಟಲಿಲ್ಲವೆಂದು ಬಂದವರಿಗೆಲ್ಲ ಹೇಳಿದರು.

"ಕಾಕಾ, ರಿಪೋರ್ಟಿನ್ಯಾಗ ಸೆಲ್ ಅಂತ ಖರೇನ ಬರದಿದ್ರಲ್ರಿ" ಎಂದ ಪಾರಿಸ.

"ಅದಕ್ಕ ಹೇಳೂದು, ಭಾಳ ಕೆಟ್ಟ ಮಂದಿ" ಎಂದರು ಇವರು. "ಖರೆ ಹೇಳಿ ನನಗ ಮೋಸಾ ಮಾಡಾಕ ನೋಡಿದ್ರು."

ಇಚಲಕರಂಜಿಯ ಯಂತ್ರ ಟೆಂಪೋದಲ್ಲಿ ಬಂದು ವಖಾರಿಯಲ್ಲಿ ಕೂತಿತು. ಮೊದಲ ದಿನದ ಶ್ಯಾವಿಗೆ ಕೂದಲಿನ ಹಾಗೆ ಸಣ್ಣಗೆ ಇಳಿಯಿತು. ಹಗ್ಗದ ಮೇಲೆ ಒಣಗಿಸಿ, ಬೆಲ್ಲ ಹಾಲು ಹಾಕಿ ಕುದಿಸಿ, ಓಣಿಯ ಹೆಂಗಸರನ್ನೆಲ್ಲ ಕರೆದೆವು. ಒಂದು ತುತ್ತು ಬಾಯಿಗಿಟ್ಟವರೆಲ್ಲ ಸೀನಿದರು. ಎರಡನೆಯ ತುತ್ತಿಗೆ ಎದುರು ಮನೆಯ ಸೋನಾಬಾಯಿ, "ತಲಿ ತಿರಗಾಕತ್ತೈತೆವ್ವ, ಆದ್ರ ಹಾಯ್ ಅನಸ್ತೈತಿ" ಎಂದು ಗೋಡೆಗೆ ಒರಗಿದಳು. ನಲವತ್ತು ವರ್ಷದ ತಂಬಾಕು ಆ ಗೋಡೆಗಳಲ್ಲಿ ಕೂತಿತ್ತು. ಜಾಗಕ್ಕಾಗಿ ಅಷ್ಟು ಗುದ್ದಾಡಿದ ನಮ್ಮಿಬ್ಬರಿಗೂ ಅದು ನೆನಪಿಗೆ ಬಂದಿರಲಿಲ್ಲ.

ಮರುದಿನ ಸುಗಂಧಾ ಸುಣ್ಣ ಕಲಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು. ಯಜಮಾನರು ಕೈ ಹಿಂದೆ ಕಟ್ಟಿಕೊಂಡು ಬಂದು, ಮೂಲೆ ಉಳಿಯಿತು, ಅಲ್ಲಿ ದಪ್ಪ ಆಯಿತು, ಇಲ್ಲಿ ತೆಳ್ಳಗಾಯಿತು ಎಂದು ಕೆಳಗಿನಿಂದ ಹೇಳತೊಡಗಿದರು. ಆಕೆ ಕುಂಚ ತಡೆದು ಕೆಳಗೆ ನೋಡಿದಳು.

"ಅಣ್ಣಾ, ಏಣಿ ಅಳ್ಳಾಡಾಕತ್ತೈತಿ. ಬರೇ ನೋಡಕೋಂತ ನಿಂದರಬ್ಯಾಡ, ಹಿಡಿ."

ಅವರು ಒಮ್ಮೆ ನನ್ನ ಕಡೆ ನೋಡಿ, ಧೋತರದ ಚುಂಗು ಮೇಲೆ ಸಿಕ್ಕಿಸಿ, ಏಣಿ ಹಿಡಿದರು.